ಗಣಕದೊಳಗಣ ಅಪರಿಚಿತ ಕಾವಲುಗಾರ

ಕಾಚಿಗುಡದ ಉಪಾಹಾರ ಗೃಹವೊಂದರಲ್ಲಿ ಗಲ್ಲಾ ನೋಡಿಕೊಳ್ಳುವ ನಮ್ಮ ಮಿತ್ರರೊಬ್ಬರು ಈಚೆಗೆ ಬಹು ಕಳವಳದಿಂದ ನಮ್ಮಲ್ಲಿಗೆ ಬಂದರು. ಅವರ ಮೇಜಿನ ಗಣಕಯಂತ್ರವು ಹಳೆಯದು. ಗಿರಾಕಿಗಳು ನೆರೆದ ವೇಳೆಯಲ್ಲಿಯೇ ನಿಧಾನವಾಗುತ್ತಿತ್ತು. ಕಾರಣವನ್ನು ಅರಿಯಲೆಂದು ‘ಟಾಸ್ಕ್ ಮ್ಯಾನೇಜರ್’ ತೆರೆದಾಗ, ಎಡ್ಜ್ ಬ್ರೌಸರಿನ ಹೆಸರಿನ ಕೆಳಗೆ ‘ಕ್ರ್ಯಾಶ್‌ಪ್ಯಾಡ್’ ಎಂಬ ಅಪರಿಚಿತ ಹೆಸರು ಕಾಣಿಸಿತು. ಅದೇ ವಾರ ಯಾವನೋ ಒಬ್ಬನು ದೂರವಾಣಿಯಲ್ಲಿ, “ನಿಮ್ಮ ಗಣಕಕ್ಕೆ ವೈರಸ್ ತಗಲಿದೆ, ಹಣ ಕೊಟ್ಟರೆ ಇಲ್ಲಿಂದಲೇ ಸರಿಪಡಿಸುತ್ತೇವೆ” ಎಂದಿದ್ದನಂತೆ. ಎರಡನ್ನೂ ತಾಳೆಹಾಕಿದ ಮಿತ್ರರು ಸಂಬಳದಿಂದ ಹಣ ತೆರಲು ಸಿದ್ಧರಾಗಿದ್ದರು. ನಾವು ತಡೆದೆವು. ಇಂತಹ ಭಯವು ಇನ್ನೂ ಅನೇಕ ವಾಚಕರಿಗೆ ಇರಬಹುದಾದುದರಿಂದ ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಮೂರ್ಛೆ ಬಿದ್ದವನು ತನಗೇನಾಯಿತೆಂದು ತಾನೇ ಹೇಳಲಾರನು; ಪಕ್ಕದಲ್ಲಿದ್ದವರು ಹೇಳಬೇಕು. ಬ್ರೌಸರಿನ ಸ್ಥಿತಿಯೂ ಅದೇ. ಅದು ಹಠಾತ್ತಾಗಿ ಕುಸಿದುಬಿದ್ದರೆ ತನ್ನ ವೃತ್ತಾಂತವನ್ನು ತಾನೇ ಬರೆಯುವುದು ನಂಬತಕ್ಕ ಮಾತಲ್ಲ. ಆದುದರಿಂದ ಬ್ರೌಸರು ಎದ್ದೊಡನೆ ಇನ್ನೊಂದು ಪುಟ್ಟ ಪ್ರಕ್ರಿಯೆಯನ್ನೂ ಎಬ್ಬಿಸಿ ಹೊರಗೆ ನಿಲ್ಲಿಸುತ್ತದೆ. ಕುಸಿತವುಂಟಾದಾಗ ಈ ಕಾವಲುಗಾರನು ಒಳಗಿನ ಸ್ಥಿತಿಯನ್ನು ನೋಡಿ ‘ಮಿನಿಡಂಪ್’ ಎಂಬ ಕಿರುವರದಿಯನ್ನು ಬರೆದಿಡುತ್ತಾನೆ. ಅನುಮತಿಯಿದ್ದರೆ ತಯಾರಕರಿಗೆ ಕಳುಹಿಸುತ್ತಾನೆ. ಕ್ರೋಮ್, ಎಡ್ಜ್‌ಗಳಲ್ಲಿ ಈ ಕೆಲಸಕ್ಕಿರುವ ಸಾಧನದ ಹೆಸರೇ ಕ್ರ್ಯಾಶ್‌ಪ್ಯಾಡ್. ಉಳಿದ ಸಮಯದಲ್ಲಿ ಅವನು ಸುಮ್ಮನೆ ಕುಳಿತಿರುತ್ತಾನೆ. ಅವನು ಬಳಸುವ ಸ್ಮೃತಿಯೂ ಅತ್ಯಲ್ಪ. ಅವನನ್ನು ಓಡಿಸಿದರೆ ಗಣಕವು ಚುರುಕಾಗದು. ತೆರೆದಿಟ್ಟ ಹತ್ತಾರು ಪುಟಗಳನ್ನು ಮುಚ್ಚಿದರೆ ಆಗುತ್ತದೆ.

ಈ ಪದ್ಧತಿ ಹೊಸದೇನೂ ಅಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಬಳಸಿದ ಗುಮಾಸ್ತರಿಗೆ ‘ವರದಿ ಕಳುಹಿಸಲೇ, ಬೇಡವೇ’ ಎಂದು ಕೇಳುತ್ತಿದ್ದ ಚೌಕವು ನೆನಪಿದ್ದೀತು. ಮೈಕ್ರೊಸಾಫ್ಟ್ ಸಂಸ್ಥೆಯು 1998ರಿಂದ ನಮ್ಮ ಹೈದರಾಬಾದಿನಲ್ಲಿಯೇ ತಂತ್ರಾಂಶ ಕೇಂದ್ರವನ್ನು ನಡೆಸುತ್ತಿದೆ. ಆದರೆ ತಂತ್ರಾಂಶ ರಚಿಸುವವನು ಇದೇ ಊರಿನಲ್ಲಿದ್ದರೂ, ನಮ್ಮ ಗಲ್ಲಾಪೆಟ್ಟಿಗೆಯ ಬಳಿ ಯಂತ್ರವು ಏಕೆ ಕುಸಿಯಿತೆಂಬುದು ವರದಿಯಿಲ್ಲದೆ ಅವನಿಗೆ ತಿಳಿಯದು. ವರದಿಯಿಂದ ದೋಷವು ತಿದ್ದಲ್ಪಡುತ್ತದೆ; ಅದರ ಲಾಭ ಎಲ್ಲರಿಗೂ ಉಂಟು.

ಆದರೆ ಒಂದು ಎಚ್ಚರಿಕೆ ಅವಶ್ಯ. ಆ ವರದಿಯಲ್ಲಿ ಯಂತ್ರದ ವಿವರಗಳಲ್ಲದೆ ಕುಸಿದ ಕ್ಷಣದ ಸ್ಮೃತಿಯ ತುಣುಕುಗಳೂ ಇರುತ್ತವೆ. ತೆರೆದಿದ್ದ ಪುಟದ ವಿಳಾಸವೋ ಆಗತಾನೆ ಟೈಪು ಮಾಡಿದ ಅಕ್ಷರಗಳೋ ಅದರಲ್ಲಿ ಸೇರಿಹೋಗಬಹುದು. ಸ್ವಂತ ಗಣಕವಾದರೆ ಕಳುಹಿಸುವುದೂ ಬಿಡುವುದೂ ಅವರವರ ಇಷ್ಟ. ವಸತಿಗೃಹದ ಗುಮಾಸ್ತನ ಮಾತು ಬೇರೆ. ಅವನ ತೆರೆಯ ಮೇಲಿರುವುದು ಅತಿಥಿಯ ಹೆಸರು, ದೂರವಾಣಿ ಸಂಖ್ಯೆ, ಗುರುತಿನ ಚೀಟಿ. ಅದು ನಂಬಿ ಒಪ್ಪಿಸಿದ ಪರರ ಸೊತ್ತು. ಅಂತಹ ಗಣಕದಲ್ಲಿ ಮಾಲಿಕರನ್ನು ಕೇಳಿ ವರದಿಯ ರವಾನೆಯನ್ನು ನಿಲ್ಲಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ.

ನಿಲ್ಲಿಸುವ ಕ್ರಮ ಸುಲಭ. ಕ್ರೋಮ್‌ನ ‘ಸೆಟ್ಟಿಂಗ್ಸ್’ ತೆರೆದು ಗೂಗಲ್ ಸೇವೆಗಳ ವಿಭಾಗದಲ್ಲಿ, ಕ್ರೋಮನ್ನು ಉತ್ತಮಪಡಿಸಲು ನೆರವಾಗಿರೆಂಬ ಗುಂಡಿಯನ್ನು ಆರಿಸತಕ್ಕದ್ದು. ಎಡ್ಜ್‌ನಲ್ಲಿ ‘ಪ್ರೈವಸಿ’ ವಿಭಾಗದ ಐಚ್ಛಿಕ ‘ಡಯಾಗ್ನಾಸ್ಟಿಕ್ ಡೇಟಾ’ವನ್ನು ನೋಡಬೇಕು. ಫೈರ್‌ಫಾಕ್ಸ್ ಪೂರ್ಣ ಕುಸಿದಾಗ ತಾನೇ ಚೌಕ ತೆರೆದು ಕೇಳುತ್ತದೆ. ಅಲ್ಲಿ ಗುರುತನ್ನು ತೆಗೆದುಹಾಕಬಹುದು. ರವಾನೆ ನಿಂತ ಬಳಿಕವೂ ಪ್ರಕ್ರಿಯೆಯ ಹೆಸರು ಪಟ್ಟಿಯಲ್ಲಿ ಕಾಣಬಹುದು, ಗಾಬರಿ ಬೇಡ. ಕಾವಲುಗಾರನಿದ್ದಾನೆ, ಪತ್ರ ಹೋಗುವುದಿಲ್ಲ, ಅಷ್ಟೆ.

ಹೆಸರನ್ನು ಕದ್ದುಕೊಂಡ ದುಷ್ಟ ತಂತ್ರಾಂಶಗಳೂ ಇರಬಹುದಾದುದರಿಂದ ಸಂದೇಹ ಬಂದರೆ ಪರೀಕ್ಷಿಸಿರಿ. ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಕಡತವಿರುವ ಸ್ಥಳವನ್ನು ತೆರೆದು, ಅದರ ‘ಪ್ರಾಪರ್ಟೀಸ್’ನಲ್ಲಿ ಡಿಜಿಟಲ್ ಸಹಿ ಯಾರದೆಂದು ನೋಡಬೇಕು. ಎಡ್ಜ್ ಆದರೆ ಮೈಕ್ರೊಸಾಫ್ಟ್, ಕ್ರೋಮ್ ಆದರೆ ಗೂಗಲ್ ಸಂಸ್ಥೆಯ ಸಹಿ ಇರಬೇಕು.

ಇನ್ನು ದೂರವಾಣಿಯ ಆ ಮಹಾಶಯ! ಯಾವ ಬ್ರೌಸರಿನ ತಯಾರಕರೂ ನಿಮ್ಮ ಗಣಕ ಕೆಟ್ಟಿದೆಯೆಂದು ತಾವಾಗಿ ಕರೆದು ಹಣ ಬೇಡುವುದಿಲ್ಲ. ಅಂಥವನ ಮಾತಿಗೆ ಮರುಳಾಗಿ ದೂರದಿಂದ ಯಂತ್ರವನ್ನು ಆಳುವ ತಂತ್ರಾಂಶವನ್ನು ಹಾಕಿಕೊಳ್ಳಬಾರದು. ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ತಡಮಾಡದೆ 1930ಕ್ಕೆ ಕರೆಮಾಡತಕ್ಕದ್ದು. ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿಯದು.

ನಮ್ಮ ಮಿತ್ರರು ಸಹಿಯನ್ನು ಪರೀಕ್ಷಿಸಿ, ಮಾಲಿಕರ ಒಪ್ಪಿಗೆ ಪಡೆದು, ರವಾನೆಯನ್ನು ನಿಲ್ಲಿಸಿ, ಬೇಡದ ಪುಟಗಳನ್ನು ಮುಚ್ಚಿದರು. ಸಂಬಳವು ಯಥಾಪ್ರಕಾರ ಊರಿಗೆ ಹೋಯಿತು.