ಹಿಂದಕ್ಕೆ ಎಣಿಸುವ ಗಡಿಯಾರ

ಗಡಿಯಾರದ ಕೆಲಸವೇನೆಂದು ಕೇಳಿದರೆ, ಈಗ ಎಷ್ಟು ಗಂಟೆಯಾಯಿತೆಂದು ತಿಳಿಸುವುದು ಎಂಬ ಉತ್ತರವೇ ಎಲ್ಲರಿಂದಲೂ ಬರುತ್ತದೆ. ಆದರೆ ಕಳೆದ ಹೊತ್ತಿಗಿಂತ ಉಳಿದ ಹೊತ್ತನ್ನೇ ಮುಖ್ಯವಾಗಿ ಬಗೆದು ಅದನ್ನು ತೋರಿಸುವ ಗಡಿಯಾರಗಳೂ ಲೋಕದಲ್ಲಿವೆ. ಅಂಥವುಗಳಲ್ಲಿ ಬಹಳ ಜಟಿಲವಾದ ಒಂದನ್ನು ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಸಂಸ್ಥೆಯು 2007ರಲ್ಲಿ ಹೊರತಂದಿತು. ಅದರ ಹೆಸರು ಯಾಟ್‌ಮಾಸ್ಟರ್ ಎರಡು. ಯಾಟ್ ಎಂದರೆ ವಿಹಾರಕ್ಕೂ ಪಂದ್ಯಕ್ಕೂ ಬಳಸುವ ಹಾಯಿದೋಣಿ. ಆ ದೋಣಿಗಳ ಪಂದ್ಯ ಆರಂಭವಾಗುವ ಮುಂಚಿನ ಕೆಲವೇ ನಿಮಿಷಗಳನ್ನು ಎಣಿಸುವುದಕ್ಕೆಂದೇ ಈ ಕೈಗಡಿಯಾರವನ್ನು ರಚಿಸಲಾಯಿತು. ಮೊದಲು ಚಿನ್ನದಲ್ಲಿ ಬಂದಿತು. 2013ರಲ್ಲಿ ಉಕ್ಕಿನಲ್ಲಿಯೂ ಬಂದಿತು. ಕೆಲವು ನಿಮಿಷಗಳನ್ನು ಎಣಿಸುವುದಕ್ಕೆ ಇಷ್ಟು ದೊಡ್ಡ ಸಾಹಸವೇಕೆ ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ಸಿಕ್ಕಬೇಕಾದರೆ ಗಡಿಯಾರವನ್ನು ಬಿಟ್ಟು ಮೊದಲು ನೀರಿಗೆ ಇಳಿಯಬೇಕು.

ನೆಲದ ಮೇಲಿನ ಓಟದ ಪಂದ್ಯವನ್ನು ನೀವೆಲ್ಲರೂ ನೋಡಿದ್ದೀರಿ. ಓಟಗಾರರು ಗೆರೆಯ ಹಿಂದೆ ಕಾಲೂರಿ ನಿಲ್ಲುತ್ತಾರೆ. ಪಿಸ್ತೂಲಿನ ಶಬ್ದವಾದೊಡನೆ ಓಡುತ್ತಾರೆ. ಅಲ್ಲಿ ಯಾರೂ ಗಡಿಯಾರ ನೋಡಬೇಕಾಗಿಲ್ಲ, ಕಿವಿಯೊಂದಿದ್ದರೆ ಸಾಕು. ಹಾಯಿದೋಣಿಗಳ ಪಂದ್ಯವೂ ಒಂದು ಕಾಲದಲ್ಲಿ ಹೀಗೆಯೇ ನಡೆಯುತ್ತಿತ್ತು. 1851ರ ಆಗಸ್ಟ್ 22ರಂದು ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ನಡೆದ ಪ್ರಸಿದ್ಧ ಪಂದ್ಯದಲ್ಲಿ ದೋಣಿಗಳು ಲಂಗರು ಹಾಕಿಕೊಂಡು ಸಾಲಾಗಿ ನಿಂತು, ಸೂಚನೆಯಾದ ಮೇಲೆ ಲಂಗರೆತ್ತಿ ಹೊರಟವು. ಅಮೆರಿಕದಿಂದ ಬಂದಿದ್ದ 'ಅಮೆರಿಕಾ' ಎಂಬ ನೌಕೆ ಹೊರಡುವಾಗ ತಡಮಾಡಿತು, ಆದರೂ ಕೊನೆಗೆ ಗೆದ್ದಿತು. ಇಂದಿಗೂ ಅಮೆರಿಕಾ ಕಪ್ ಎಂಬ ಬಹುಮಾನಕ್ಕೆ ಆ ನೌಕೆಯ ಹೆಸರೇ ಉಳಿದಿದೆ.

ಮುಂದೆ ಈ ಪದ್ಧತಿ ಬದಲಾಗಿ, ಚಲಿಸುತ್ತಿರುವಾಗಲೇ ಪಂದ್ಯವನ್ನು ಆರಂಭಿಸುವ ಕ್ರಮ ಬಂದಿತು. ಅಲ್ಲಿಂದಲೇ ಗಡಿಯಾರದ ಅವಶ್ಯಕತೆಯೂ ಹುಟ್ಟಿತು. ಹಾಯಿದೋಣಿಗೆ ಬ್ರೇಕು ಎಂಬುದಿಲ್ಲ. ಗಾಳಿಯೂ ನೀರಿನ ಸೆಳೆತವೂ ಅದನ್ನು ಸುಮ್ಮನೆ ಒಂದು ಕಡೆ ನಿಲ್ಲಗೊಡುವುದಿಲ್ಲ. ನಿಂತ ದೋಣಿಯು ಮತ್ತೆ ವೇಗ ಪಡೆಯಲು ಅಮೂಲ್ಯವಾದ ಸೆಕೆಂಡುಗಳು ಕಳೆಯುತ್ತವೆ. ನಿಂತಾಗ ಅದರ ಚುಕ್ಕಾಣಿಯೂ ಕೆಲಸ ಮಾಡುವುದಿಲ್ಲ. ಆದುದರಿಂದ ಜಾಣ ನಾವಿಕನು ಗೆರೆಯ ಹಿಂದೆ ಅತ್ತಿಂದಿತ್ತ ಸುತ್ತಾಡುತ್ತಿದ್ದು, ಸರಿಯಾದ ಗಳಿಗೆಯಲ್ಲಿ ತಿರುಗಿ, ಪೂರ್ಣ ವೇಗದಿಂದ ಬಂದು, ಆರಂಭದ ಸೂಚನೆಯಾಗುವ ಆ ಕ್ಷಣಕ್ಕೆ ಗೆರೆಯನ್ನು ದಾಟಲು ಯತ್ನಿಸುತ್ತಾನೆ. ಗೆರೆಯೆಂದರೂ ನೀರಿನ ಮೇಲೆ ಗೆರೆ ಎಳೆಯುವುದು ಸಾಧ್ಯವೇ? ತೀರ್ಪುಗಾರರ ದೋಣಿಯ ಕಂಬ ಒಂದು ತುದಿ, ತೇಲುವ ಬುರುಡೆಯೋ ಮತ್ತೊಂದು ದೋಣಿಯೋ ಇನ್ನೊಂದು ತುದಿ. ನಡುವೆ ಕಣ್ಣಳತೆಯ ರೇಖೆಯೊಂದನ್ನು ಊಹಿಸಿಕೊಳ್ಳಬೇಕು.

ಆ ಕ್ಷಣ ಬರುವುದು ಯಾವಾಗೆಂದು ಮುಂಚಿತವಾಗಿ ತಿಳಿಸುವುದಕ್ಕೆ ನಿಯಮಗಳಿವೆ. ಇಂದಿನ ಸಾಮಾನ್ಯ ಕ್ರಮದಲ್ಲಿ ಆರಂಭಕ್ಕೆ ಐದು ನಿಮಿಷವಿರುವಾಗ ತೀರ್ಪುಗಾರರು ಆ ವರ್ಗದ ದೋಣಿಗಳ ಬಾವುಟವನ್ನು ಏರಿಸಿ, ಒಂದು ಶಬ್ದ ಮಾಡುತ್ತಾರೆ. ನಾಲ್ಕು ನಿಮಿಷವಿರುವಾಗ ಎರಡನೆಯ ಬಾವುಟ ಏರುತ್ತದೆ. ಒಂದು ನಿಮಿಷವಿರುವಾಗ ಆ ಎರಡನೆಯದನ್ನು ಇಳಿಸಿ, ದೀರ್ಘವಾದ ಶಬ್ದವೊಂದನ್ನು ಕೊಡುತ್ತಾರೆ. ಮೊದಲನೆಯ ಬಾವುಟವೂ ಇಳಿದರೆ ಪಂದ್ಯ ಆರಂಭವಾಯಿತೆಂದು ಅರ್ಥ. ಇಲ್ಲಿ ಒಂದು ಸ್ವಾರಸ್ಯವಿದೆ. ನಿಯಮದ ಪ್ರಕಾರ ಸಮಯವನ್ನು ಎಣಿಸಬೇಕಾದುದು ಬಾವುಟದಿಂದ, ಶಬ್ದದಿಂದಲ್ಲ. ಶಬ್ದಕ್ಕೆ ಗಾಳಿಯಲ್ಲಿ ಸಾಗಿ ಬರಲು ಹೊತ್ತು ಬೇಕು. ಸುಮಾರು 340 ಮೀಟರು ದೂರದ ದೋಣಿಗೆ ಅದು ಒಂದು ಸೆಕೆಂಡು ತಡವಾಗಿ ತಲುಪುತ್ತದೆ. ಕಣ್ಣಿಗೆ ಆ ತೊಂದರೆಯಿಲ್ಲ.

ಒಂದು ಸೆಕೆಂಡಿಗೆ ಇಷ್ಟೊಂದು ಗೌರವವೇಕೆ? ಲೆಕ್ಕ ಹಾಕಿ ನೋಡೋಣ. ಆರು ನಾಟ್ ವೇಗದಲ್ಲಿ ಬರುವ ದೋಣಿಯು ಸೆಕೆಂಡಿಗೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಗುತ್ತದೆ. ನಾವಿಕನ ಎಣಿಕೆ ಐದು ಸೆಕೆಂಡು ತಪ್ಪಿದರೆ ಹದಿನೈದು ಮೀಟರು ತಪ್ಪಿದಂತಾಯಿತು. ಮುಂಚೆಯೇ ಗೆರೆ ದಾಟಿದರೆ ಆ ದೋಣಿಯು ಹಿಂದಿರುಗಿ ಬಂದು ಮತ್ತೆ ಹೊರಡಬೇಕು. ಉಳಿದವರೆಲ್ಲ ಮುಂದೆ ಹೋಗುತ್ತಿರುವಾಗ ಅವನೊಬ್ಬನೇ ಎದುರು ದಿಕ್ಕಿಗೆ ತಿರುಗಬೇಕು. ತೀರ್ಪುಗಾರರು ಕಪ್ಪು ಬಾವುಟವನ್ನು ಏರಿಸಿದ ಪಂದ್ಯದಲ್ಲಾದರೆ, ಕೊನೆಯ ಒಂದು ನಿಮಿಷದಲ್ಲಿ ಗೆರೆಯ ಆಚೆ ಸಿಕ್ಕಿಬಿದ್ದವನು ಆ ಪಂದ್ಯದಿಂದಲೇ ಹೊರಗೆ.

ತಡವಾಗಿ ಬಂದವನ ಪಾಡೂ ಸುಖವಾದುದಲ್ಲ. ಪಂದ್ಯದ ಮೊದಲ ಹಂತವು ಸಾಮಾನ್ಯವಾಗಿ ಗಾಳಿಗೆ ಎದುರಾಗಿರುತ್ತದೆ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಸಾಗಲಾರದು. ಓರೆಯಾಗಿ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಅಂಕುಡೊಂಕಾಗಿ ಹತ್ತಬೇಕು. ಮುಂದಿರುವ ದೋಣಿಗಳ ಹಾಯಿಗಳು ಗಾಳಿಯನ್ನು ಮೊದಲು ತಾವು ಉಂಡು, ಕಲಕಿದ ಗಾಳಿಯನ್ನು ಹಿಂದಿನವರಿಗೆ ಬಿಡುತ್ತವೆ. ಹೀಗಾಗಿ ಆರಂಭದಲ್ಲಿ ಹಿಂದೆ ಬಿದ್ದವನು ಎಂಜಲು ಗಾಳಿಯಲ್ಲಿ ನಡೆದು, ಇನ್ನಷ್ಟು ಹಿಂದೆ ಬೀಳುತ್ತಾನೆ. ಕೊನೆಯಲ್ಲಿ ನಿಮಿಷಗಳಾಗಿ ಕಾಣುವ ಸೋಲಿನ ಮೂಲ ಅನೇಕ ವೇಳೆ ಆರಂಭದ ನಾಲ್ಕಾರು ಸೆಕೆಂಡುಗಳಲ್ಲಿ ಅಡಗಿರುತ್ತದೆ.

ಹಾಗಾದರೆ ಬಹಳ ನಿಖರವಾದ ಗಡಿಯಾರ ಬೇಕಲ್ಲವೇ ಎಂದು ನೀವು ಕೇಳಬಹುದು. ಆಶ್ಚರ್ಯವೆಂದರೆ, ಅದು ಅಷ್ಟಾಗಿ ಬೇಕಿಲ್ಲ. ಒಂದು ದಿನದಲ್ಲಿ ಐದು ನಿಮಿಷದ ತುಂಡುಗಳು 288 ಇವೆ. ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುವ ಹಳೆಯ ಗಡಿಯಾರವೂ ಐದು ನಿಮಿಷದಲ್ಲಿ ತಪ್ಪುವುದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ. ತಪ್ಪು ನಡೆಯುವುದು ಗಡಿಯಾರದಲ್ಲಿ ಅಲ್ಲ, ಅದನ್ನು ಒತ್ತುವ ಬೆರಳಿನಲ್ಲಿ. ಅಲೆಗಳ ಮೇಲೆ ಹೊಯ್ದಾಡುವ ದೋಣಿ, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ, ಸುತ್ತಲೂ ಇತರರ ಕೂಗು. ಇದರ ನಡುವೆ ಬಾವುಟ ಏರಿದ ಕ್ಷಣಕ್ಕೇ ಗುಂಡಿ ಒತ್ತುವುದು ಯಾರಿಗೂ ಸುಲಭವಲ್ಲ. ರೇಡಿಯೋದ ಕಾಲಸೂಚಕ ಶಬ್ದಕ್ಕೆ ಗೋಡೆ ಗಡಿಯಾರವನ್ನು ಸರಿಪಡಿಸಲು ಹೊರಟು, ಸ್ಟೂಲು ಎಳೆಯುವುದರೊಳಗೆ ಕೊನೆಯ ಶಬ್ದವೂ ಮುಗಿದುಹೋದ ಅನುಭವ ಯಾವ ಮನೆಗೆ ತಾನೆ ಹೊಸದು? ಆರಂಭದಲ್ಲಿ ಆದ ತಪ್ಪನ್ನು, ಎಣಿಕೆಯನ್ನು ನಿಲ್ಲಿಸದೆಯೇ ತಿದ್ದಿಕೊಳ್ಳುವುದು ಹೇಗೆ? ಇದೇ ನಿಜವಾದ ಸಮಸ್ಯೆ.

ಯಾಟ್‌ಮಾಸ್ಟರಿಗೆ ಮುಂಚೆಯೂ ಗಡಿಯಾರ ಮಾಡುವವರು ನಾವಿಕರ ಕಡೆಗೆ ಗಮನ ಕೊಟ್ಟಿದ್ದರು. 1960ರ ದಶಕದಲ್ಲಿ ಅಕ್ವಾಸ್ಟಾರ್ ಸಂಸ್ಥೆಯು ಮುಖದ ಮೇಲೆ ಐದು ದುಂಡು ಕಿಟಕಿಗಳುಳ್ಳ ಗಡಿಯಾರವನ್ನು ಮಾಡಿತು. ಒಳಗಿನ ತಟ್ಟೆ ತಿರುಗಿದಂತೆ ಕಿಟಕಿಗಳ ಬಣ್ಣ ಒಂದೊಂದಾಗಿ ಬದಲಾಗುತ್ತ, ಕಳೆದ ನಿಮಿಷಗಳನ್ನು ದೂರದಿಂದಲೇ ತೋರಿಸುತ್ತಿತ್ತು. 1967ರಲ್ಲಿ ಅಮೆರಿಕಾ ಕಪ್ಪನ್ನು ಗೆದ್ದ 'ಇಂಟ್ರೆಪಿಡ್' ನೌಕೆಯ ತಂಡವು ಹಾಯರ್ ಸಂಸ್ಥೆಯ ಗಡಿಯಾರಗಳನ್ನು ಬಳಸಿತ್ತು. ಮರುವರ್ಷವೇ ಆ ಸಂಸ್ಥೆಯು ಹದಿನೈದು ನಿಮಿಷಗಳನ್ನು ಐದೈದರ ಮೂರು ಬಣ್ಣದ ಭಾಗಗಳಾಗಿ ತೋರಿಸುವ 'ಸ್ಕಿಪ್ಪರ್' ಎಂಬ ಕೈಗಡಿಯಾರವನ್ನು ಹೊರತಂದಿತು. ಇವೆಲ್ಲ ಚೆನ್ನಾಗಿಯೇ ಎಣಿಸುತ್ತಿದ್ದವು. ಆದರೆ ತಪ್ಪಿದ ಎಣಿಕೆಯನ್ನು ಓಡುತ್ತಿರುವಾಗಲೇ ತಿದ್ದುವ ವಿದ್ಯೆ ಯಾಟ್‌ಮಾಸ್ಟರಿನಲ್ಲಿ ಎದ್ದು ಕಾಣುವ ಅಂಶ.

ಅದರ ಒಳಗನ್ನು ಸ್ವಲ್ಪ ನೋಡೋಣ. ಮೂಲಭೂತವಾದ ಅಂಗಗಳು ಯಾವ ಯಾಂತ್ರಿಕ ಗಡಿಯಾರದಲ್ಲಾದರೂ ಒಂದೇ. ಬೆಂಗಳೂರಿನಲ್ಲಿ 1961ರಿಂದ ಎಚ್‌ಎಂಟಿ ಕಾರ್ಖಾನೆ ಮಾಡಿದ, ದಿನವೂ ಕೀಲಿ ಕೊಡುತ್ತಿದ್ದ ಗಡಿಯಾರವನ್ನು ಬಿಚ್ಚಿ ನೋಡಿದವರಿಗೆ ಅವು ಪರಿಚಿತವೇ. ಸುತ್ತಿದ ಉಕ್ಕಿನ ಸ್ಪ್ರಿಂಗಿನಲ್ಲಿ ಶಕ್ತಿ. ಆ ಶಕ್ತಿಯನ್ನು ಹಲ್ಲಿನ ಚಕ್ರಗಳ ಸಾಲು ಮುಂದಕ್ಕೆ ಒಯ್ಯುತ್ತದೆ. ಕೊನೆಯಲ್ಲಿ ಕೂದಲೆಳೆಯಂಥ ಸ್ಪ್ರಿಂಗಿಗೆ ಕಟ್ಟಿದ ಬ್ಯಾಲೆನ್ಸ್ ಚಕ್ರವು ಅತ್ತಿತ್ತ ತೂಗುತ್ತ, ಶಕ್ತಿಯನ್ನು ಒಂದೊಂದೇ ಹಲ್ಲಿನಂತೆ ಬಿಡುಗಡೆ ಮಾಡುತ್ತದೆ. ಯಾಟ್‌ಮಾಸ್ಟರಿನಲ್ಲಿ ಈ ತೂಗಾಟ ಸೆಕೆಂಡಿಗೆ ಎಂಟು. ಕೀಲಿ ಕೊಡುವ ಕೆಲಸವನ್ನು ಕೈಯ ಚಲನೆಯೇ ಮಾಡುತ್ತದೆ. ಇವುಗಳ ಮೇಲೆ ಎಣಿಕೆಯ ಯಂತ್ರವನ್ನು ಕೂಡಿಸಿದ್ದರಿಂದ ಒಟ್ಟು ಬಿಡಿಭಾಗಗಳು ಸುಮಾರು 360 ಆದವು.

ಗಡಿಯಾರದ ಮುಖದ ಮೇಲೆ ಹತ್ತರಿಂದ ಸೊನ್ನೆಯವರೆಗೆ ಅಂಕಿಗಳುಳ್ಳ ಕಮಾನೊಂದಿದೆ. ಗಾಜಿನ ಸುತ್ತಲಿರುವ ಬಳೆ ಬರಿಯ ಅಲಂಕಾರವಲ್ಲ. ಅದನ್ನು ಕಾಲು ಸುತ್ತು ತಿರುಗಿಸಿದರೆ ಒಳಗಿನ ಯಂತ್ರದ ಬೀಗ ತೆರೆದಂತೆ. ಆಗ ಕೆಳಗಿನ ಗುಂಡಿಯನ್ನು ಒತ್ತಿ, ಕೀಲಿಯ ತಿರುಪಿನಿಂದ ಮುಳ್ಳನ್ನು ಒಂದರಿಂದ ಹತ್ತರವರೆಗಿನ ಯಾವ ಅಂಕಿಗೆ ಬೇಕಾದರೂ ಒಯ್ಯಬಹುದು. ಐದಕ್ಕೆ ಇಟ್ಟಿರಿ ಎನ್ನೋಣ. ಬಳೆಯನ್ನು ಹಿಂದಕ್ಕೆ ತಿರುಗಿಸಿದರೆ ಆ ಐದು ಎಂಬುದು ಯಂತ್ರದ ನೆನಪಿನಲ್ಲಿ ನಿಂತಿತು. ಸಾಮಾನ್ಯ ಸ್ಟಾಪ್‌ವಾಚಿನ ಮುಳ್ಳು ಪ್ರತಿ ಸಲವೂ ಸೊನ್ನೆಗೆ ಹಿಂದಿರುಗುತ್ತದೆ. ಇದರ ಮುಳ್ಳು ಹಿಂದಿರುಗುವುದು ಒಡೆಯನು ಆರಿಸಿದ ಅಂಕಿಗೆ. ವಿದ್ಯುತ್ತಿಲ್ಲದೆ, ಬರಿಯ ಸನ್ನೆ ಮತ್ತು ಚಕ್ರಗಳಿಂದ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳುವುದು ಸಾಮಾನ್ಯ ಕೆಲಸವೇನಲ್ಲ.

ಈಗ ಬಾವುಟ ಏರಿತು. ನಾವಿಕನು ಮೇಲಿನ ಗುಂಡಿಯನ್ನು ಒತ್ತಿದನು, ಆದರೆ ಹನ್ನೆರಡು ಸೆಕೆಂಡು ತಡವಾಗಿ. ಎರಡನೆಯ ಬಾವುಟ ಏರುವ ಹೊತ್ತಿಗೆ ನಿಜವಾಗಿ ಉಳಿದದ್ದು ನಾಲ್ಕೇ ನಿಮಿಷ. ಗಡಿಯಾರ ತೋರಿಸುವುದು ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಈ ಸಲ ಅವನು ಸಿದ್ಧನಾಗಿದ್ದು ಕೆಳಗಿನ ಗುಂಡಿಯನ್ನು ಒತ್ತುತ್ತಾನೆ. ಕೂಡಲೇ ಸೆಕೆಂಡಿನ ಮುಳ್ಳು ಸೊನ್ನೆಗೂ, ನಿಮಿಷದ ಮುಳ್ಳು ಹತ್ತಿರದ ಪೂರ್ಣ ಅಂಕಿಯಾದ ನಾಲ್ಕಕ್ಕೂ ಹಾರಿ, ಎಣಿಕೆ ನಿಲ್ಲದೆ ಮುಂದುವರಿಯುತ್ತದೆ. ನಿಮಿಷದ ಮುಳ್ಳು ಮುಂದೆ ಇದ್ದರೆ ಹಿಂದಕ್ಕೂ, ಹಿಂದೆ ಇದ್ದರೆ ಮುಂದಕ್ಕೂ ಸರಿಯಬಲ್ಲುದು. ಅರ್ಧ ನಿಮಿಷದೊಳಗಿನ ಯಾವ ತಪ್ಪನ್ನಾದರೂ ಒಂದೇ ಒತ್ತಿನಲ್ಲಿ ತಿದ್ದಿಕೊಂಡಂತಾಯಿತು.

ಇದೆಲ್ಲ ಅದ್ಭುತವೇ ಸರಿ. ಆದರೆ ನಿಷ್ಪಕ್ಷಪಾತವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆಯು ಮೊದಲ ಸ್ಫಟಿಕ ಕೈಗಡಿಯಾರವನ್ನು ಮಾರಾಟಕ್ಕೆ ತಂದ ಮೇಲೆ ಗಡಿಯಾರದ ಲೋಕವೇ ಬದಲಾಯಿತು. ಇಂದು ಈ ಚಿನ್ನದ ಗಡಿಯಾರ ಮಾಡುವ ಎಣಿಕೆಯನ್ನೂ ತಿದ್ದುಪಡಿಯನ್ನೂ ಪ್ಲಾಸ್ಟಿಕ್ಕಿನ ವಿದ್ಯುನ್ಮಾನ ಗಡಿಯಾರವೊಂದು ಅತ್ಯಲ್ಪ ಬೆಲೆಗೆ ಮಾಡುತ್ತದೆ. ಅಲ್ಲದೆ ದೊಡ್ಡ ಅಂಕಿಗಳಲ್ಲಿ ತೋರಿಸುತ್ತದೆ. ಪ್ರತಿ ನಿಮಿಷಕ್ಕೂ ಕೂಗಿ ಎಚ್ಚರಿಸುತ್ತದೆ. ನೀರಿಗೆ ಬಿದ್ದು ಕಳೆದುಹೋದರೂ ಎದೆ ಒಡೆಯುವುದಿಲ್ಲ. ಉಪಗ್ರಹಗಳ ಸಹಾಯದಿಂದ ಗೆರೆಗೆ ಇನ್ನೆಷ್ಟು ಮೀಟರು, ಎಷ್ಟು ಸೆಕೆಂಡು ಎಂದು ಹೇಳುವ ಉಪಕರಣಗಳೂ ದೊಡ್ಡ ದೋಣಿಗಳಲ್ಲಿ ಬಂದಿವೆ. ಯಾಟ್‌ಮಾಸ್ಟರ್ ಎರಡನ್ನು ಕೊಂಡವರಲ್ಲಿ ಚುಕ್ಕಾಣಿ ಹಿಡಿಯದವರೂ ಇದ್ದರು. ಅದು ಸಂಪತ್ತಿನ ಗುರುತೂ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. 2024ರಲ್ಲಿ ಸಂಸ್ಥೆಯು ಆ ಮಾದರಿಯನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು.

ಹಾಗೆಂದು ಅದನ್ನು ಸಿರಿವಂತರ ಆಟದ ವಸ್ತುವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಕೆಲಸಕ್ಕೆ ಒದಗುವ ವಸ್ತು ಬೇರೆ, ಕೌಶಲಕ್ಕೆ ಸಾಕ್ಷಿಯಾಗುವ ವಸ್ತು ಬೇರೆ. ಪಂದ್ಯವನ್ನು ಗೆಲ್ಲಬೇಕಾದವನು ಅಗ್ಗದ ಗಡಿಯಾರವನ್ನೇ ಕಟ್ಟಿಕೊಳ್ಳಲಿ, ಅದರಲ್ಲಿ ಅವನಿಗೆ ನಷ್ಟವಿಲ್ಲ. ಆದರೆ ಮನುಷ್ಯನ ಬೆರಳು ತಪ್ಪುತ್ತದೆಂಬುದನ್ನು ಒಪ್ಪಿಕೊಂಡು, ಆ ತಪ್ಪಿಗೆ ಪರಿಹಾರವನ್ನು ಉಕ್ಕಿನ ಹಲ್ಲುಗಳಲ್ಲಿಯೇ ಕಡೆದಿಟ್ಟವರ ಜಾಣ್ಮೆಯನ್ನು ಮೆಚ್ಚಲು ಆ ಗಡಿಯಾರವನ್ನು ಕೊಳ್ಳಬೇಕಾಗಿಲ್ಲ, ತಿಳಿದರೆ ಸಾಕು.

ಒಲಿಂಪಿಕ್ ಕ್ರೀಡೆಗಳ ಕಾಲದಲ್ಲಿ ಹಾಯಿದೋಣಿಗಳ ಪಂದ್ಯದ ವರದಿಯೋ ಚಿತ್ರವೋ ನಿಮ್ಮ ಮನೆಗೆ ಬಂದಾಗ, ಮೊದಲು ಬಂದವರು ಯಾರೆಂದು ನೋಡುವುದಕ್ಕಿಂತ ಮುಂಚೆ ಆರಂಭದ ಆ ಐದು ನಿಮಿಷಗಳ ಕಡೆಗೆ ಗಮನವಿಡಿ. ಗೊತ್ತುಗುರಿಯಿಲ್ಲದೆ ಸುತ್ತುತ್ತಿರುವಂತೆ ಕಾಣುವ ದೋಣಿಗಳಲ್ಲಿ ಪ್ರತಿಯೊಬ್ಬನೂ ಮನಸ್ಸಿನೊಳಗೆ ಹಿಂದಕ್ಕೆ ಎಣಿಸುತ್ತಿರುತ್ತಾನೆ.