ಸಯಾಮೀಸ್ ಬೆಕ್ಕಿನ ಮೈಬಣ್ಣಗಳು

ಸಯಾಮೀಸ್ ಬೆಕ್ಕು ಹಿಂದೆ ಸಯಾಂ ಎನಿಸಿದ್ದ ಇಂದಿನ ಥೈಲ್ಯಾಂಡ್ ಮೂಲದ ಸಾಕುಬೆಕ್ಕಿನ ಒಂದು ತಳಿ. ತೆಳುಬಣ್ಣದ ಮೈ, ಗಾಢಬಣ್ಣದ ಮುಖ, ಕಿವಿ, ಪಾದ ಮತ್ತು ಬಾಲ, ಅಚ್ಚ ನೀಲಿ ಕಣ್ಣು ಇದರ ಗುರುತುಗಳು. ಗಾಢಬಣ್ಣದ ಈ ತುದಿಭಾಗಗಳನ್ನು ಬೆಕ್ಕು ಸಾಕಣೆಯ ಪರಿಭಾಷೆಯಲ್ಲಿ ‘ಪಾಯಿಂಟ್’ ಎಂದು ಕರೆಯಲಾಗುತ್ತದೆ. ಯುರೋಪಿನ ಪ್ರದರ್ಶನಗಳಲ್ಲಿ ಈ ತಳಿಗೆ ಮೊದಲಲ್ಲಿ ಮಾನ್ಯವಾಗಿದ್ದದ್ದು ಕಪ್ಪುಗಂದು ಪಾಯಿಂಟ್ ಒಂದೇ. ಇಂದು ನೀಲಿ, ಚಾಕೊಲೇಟ್, ಲೈಲಾಕ್, ಕೆಂಪು, ಕೆನೆ, ಪಟ್ಟೆ ಮೊದಲಾದ ಹಲವು ಬಣ್ಣಗಳ ಪಾಯಿಂಟ್‌ಗಳಿವೆ. ಇವುಗಳಲ್ಲಿ ಯಾವುವು ‘ಸಯಾಮೀಸ್’ ಎಂಬ ಹೆಸರಿಗೆ ಅರ್ಹ ಎಂಬ ಬಗ್ಗೆ ನೋಂದಣಿ ಸಂಸ್ಥೆಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಪಾಯಿಂಟ್ ಬಣ್ಣದ ಕಾರಣ

ಕೂದಲಿಗೆ ಬಣ್ಣ ನೀಡುವ ಮೆಲನಿನ್ ಎಂಬ ವರ್ಣದ್ರವ್ಯದ ತಯಾರಿಕೆಗೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಸಯಾಮೀಸ್ ಬೆಕ್ಕಿನಲ್ಲಿ ಈ ಕಿಣ್ವದ ವಂಶವಾಹಿ ಬದಲಾವಣೆ ಹೊಂದಿದೆ. ಹೀಗೆ ಬದಲಾದ ಕಿಣ್ವವು ಶರೀರದ ಸಹಜ ಉಷ್ಣತೆಯಲ್ಲಿ ಸರಿಯಾಗಿ ಕೆಲಸಮಾಡದೆ, ತಂಪಾದ ಭಾಗಗಳಲ್ಲಿ ಮಾತ್ರ ಕ್ರಿಯಾಶೀಲವಾಗುತ್ತದೆ. ಆದುದರಿಂದ ಮುಂಡ ತೆಳುವಾಗಿಯೂ ಕಿವಿ, ಮೂತಿ, ಪಾದ, ಬಾಲಗಳು ಗಾಢವಾಗಿಯೂ ಕಾಣುತ್ತವೆ. ಗರ್ಭಾಶಯದಲ್ಲಿ ಎಲ್ಲೆಡೆ ಒಂದೇ ಬಿಸುಪಿರುವುದರಿಂದ ಮರಿಗಳು ಬಹುಮಟ್ಟಿಗೆ ಬಿಳಿಯಾಗಿಯೇ ಹುಟ್ಟುತ್ತವೆ. ಪಾಯಿಂಟ್‌ಗಳು ಮೂಡುವುದು ಜನನಾನಂತರದ ವಾರಗಳಲ್ಲಿ. ಶಸ್ತ್ರಚಿಕಿತ್ಸೆಗಾಗಿ ಪಕ್ಕೆಯ ಕೂದಲನ್ನು ಬೋಳಿಸಿದರೆ, ತಣ್ಣಗಾದ ಆ ಜಾಗದಲ್ಲಿ ಹೊಸ ಕೂದಲು ಕಪ್ಪಾಗಿ ಬೆಳೆದು ಮಚ್ಚೆಯಂತೆ ಕೆಲಕಾಲ ಉಳಿಯುವುದುಂಟು. ಪ್ರದರ್ಶನಕ್ಕೆ ಬೆಕ್ಕನ್ನು ಸಿದ್ಧಪಡಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಈ ವಂಶವಾಹಿಯು ಬಣ್ಣ ಎಲ್ಲಿ ಮೂಡಬೇಕೆಂಬುದನ್ನು ನಿರ್ಧರಿಸುತ್ತದೆಯೇ ಹೊರತು ಯಾವ ಬಣ್ಣ ಮೂಡಬೇಕೆಂಬುದನ್ನಲ್ಲ. ಬಣ್ಣವನ್ನು ನಿರ್ಧರಿಸುವ ವಂಶವಾಹಿಗಳು ಬೇರೆ. ಹೀಗಾಗಿ ಬೆಕ್ಕುಗಳಲ್ಲಿ ಕಂಡುಬರುವ ಬಹುತೇಕ ಯಾವ ಬಣ್ಣವನ್ನಾದರೂ ತಾತ್ವಿಕವಾಗಿ ಪಾಯಿಂಟ್‌ನ ಸ್ಥಾನಕ್ಕೆ ತರಬಹುದು. ಹೊಸ ಬಣ್ಣಗಳ ಸಾಧ್ಯತೆಯೂ ಅವುಗಳ ಸುತ್ತಲಿನ ವಿವಾದವೂ ಇಲ್ಲಿಂದಲೇ ಹುಟ್ಟಿದವು.

ಮೊದಲ ನಾಲ್ಕು ಬಣ್ಣಗಳು

ಥೈಲ್ಯಾಂಡಿನ ಹಳೆಯ ಮಾರ್ಜಾಲ ಹಸ್ತಪ್ರತಿಗಳಲ್ಲಿ ಬೆಕ್ಕುಗಳನ್ನು ಮುಖ್ಯವಾಗಿ ಬಣ್ಣದಿಂದಲೇ ವಿಂಗಡಿಸಲಾಗಿದೆ. ಗಾಢ ಪಾಯಿಂಟ್‌ನ ಬೆಕ್ಕಿಗೆ ವಿಚಿಯನ್‌ಮಾತ್ ಎಂಬ ಹೆಸರಿದ್ದರೆ, ಬೂದುನೀಲಿ ಬೆಕ್ಕು ಸಿಸವಾತ್ ಎಂದೂ ತಾಮ್ರವರ್ಣದ್ದು ಸುಪಲಕ್ ಎಂದೂ ಹೆಸರಾಗಿವೆ. ಬಣ್ಣ ಬದಲಾದರೆ ಬೆಕ್ಕಿನ ಜಾತಿಯೇ ಬದಲಾಯಿತು ಎಂಬುದು ಅಲ್ಲಿನ ಪದ್ಧತಿ.

1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹ್ಯಾರಿಸನ್ ವಿಯರ್ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದಲ್ಲಿ ಸಯಾಮೀಸ್ ಬೆಕ್ಕುಗಳು ಕಾಣಿಸಿಕೊಂಡವು. ಅವುಗಳ ಕಪ್ಪುಗಂದು ಪಾಯಿಂಟ್‌ಗೆ ಸೀಲ್ ಎಂಬ ಸಮುದ್ರಪ್ರಾಣಿಯ ತುಪ್ಪಳದ ಹೋಲಿಕೆಯಿಂದ ‘ಸೀಲ್ ಪಾಯಿಂಟ್’ ಎಂಬ ಹೆಸರು ಬಂದಿತು. ವಂಶವಾಹಿಯ ದೃಷ್ಟಿಯಿಂದ ಇದು ಕಪ್ಪು ಬಣ್ಣವೇ. 1896ರಲ್ಲಿ ನೀಲಿ ಪಾಯಿಂಟ್‌ನ ಬೆಕ್ಕೊಂದು ಪ್ರದರ್ಶನಕ್ಕೆ ಬಂದಾಗ, ಬೆಕ್ಕಿನ ಚಿತ್ರಗಳಿಂದ ಮನೆಮಾತಾಗಿದ್ದ ಕಲಾವಿದ ಲೂಯಿಸ್ ವೇಯ್ನ್ ಅದರ ತೀರ್ಪುಗಾರರಾಗಿದ್ದರು. ಸಯಾಮೀಸ್ ಬೆಕ್ಕಿನ ಮೈ ಬಿಸ್ಕತ್ತಿನ ಬಣ್ಣದ್ದಾಗಿರಬೇಕೆಂಬ ಕಾರಣ ನೀಡಿ ಅವರು ಅದಕ್ಕೆ ಬಹುಮಾನ ನಿರಾಕರಿಸಿದರು. ಆ ಬಣ್ಣಕ್ಕೆ ಅಮೆರಿಕದಲ್ಲಿ 1934ರಲ್ಲಿಯೂ ಬ್ರಿಟನ್ನಿನಲ್ಲಿ 1936ರಲ್ಲಿಯೂ ಮಾನ್ಯತೆ ದೊರೆಯಿತು. ಚಾಕೊಲೇಟ್ ಪಾಯಿಂಟ್ ಬೆಕ್ಕುಗಳನ್ನು ಬಹುಕಾಲ ಬಣ್ಣ ಕಟ್ಟದ ಕಳಪೆ ಸೀಲ್ ಎಂದೇ ಭಾವಿಸಲಾಗಿತ್ತು. ಬ್ರಿಟನ್ನಿನಲ್ಲಿ ಅವಕ್ಕೆ ಮಾನ್ಯತೆ ಸಿಕ್ಕಿದ್ದು 1950ರಲ್ಲಿ. ಲೈಲಾಕ್ ಎಂಬ ಗುಲಾಬಿಛಾಯೆಯ ಬೂದುಬಣ್ಣ ಅಮೆರಿಕದಲ್ಲಿ 1955ರಲ್ಲಿ, ಬ್ರಿಟನ್ನಿನಲ್ಲಿ 1960ರಲ್ಲಿ ಮಾನ್ಯವಾಯಿತು.

ಈ ಬಣ್ಣಗಳಿಗೆ ತಡವಾಗಿಯಾದರೂ ಒಪ್ಪಿಗೆ ದೊರೆತದ್ದಕ್ಕೆ ಆನುವಂಶಿಕ ಕಾರಣವೊಂದಿದೆ. ನೀಲಿ ಎಂಬುದು ಕಪ್ಪನ್ನು ತೆಳುಗೊಳಿಸುವ ದುರ್ಬಲ ಗುಣದ ಫಲ. ಚಾಕೊಲೇಟ್ ಮತ್ತೊಂದು ದುರ್ಬಲ ಗುಣ. ಎರಡೂ ಸೇರಿದಾಗ ಲೈಲಾಕ್. ದುರ್ಬಲ ಗುಣವು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವುದರಿಂದ, ಸೀಲ್ ಪಾಯಿಂಟ್‌ನ ಬೆಕ್ಕುಗಳಲ್ಲಿ ಎಷ್ಟೋ ತಲೆಮಾರು ಅಡಗಿದ್ದು ಒಂದು ದಿನ ಮರಿಯಲ್ಲಿ ತಲೆದೋರಬಹುದು. ಇವು ಮೊದಲಿನಿಂದಲೂ ನಮ್ಮ ಬೆಕ್ಕುಗಳ ರಕ್ತದಲ್ಲಿಯೇ ಇದ್ದವು ಎಂದು ಸಾಕಣೆದಾರರು ವಾದಿಸಬಹುದಿತ್ತು; ಅದನ್ನು ಅಲ್ಲಗಳೆಯುವುದು ಸುಲಭವಿರಲಿಲ್ಲ.

ಕೆಂಪು ಮತ್ತು ಪಟ್ಟೆ

ಕೆಂಪು ಮತ್ತು ಪಟ್ಟೆಯ ವಿಷಯ ಹಾಗಲ್ಲ. ಕೂದಲಿನಲ್ಲಿ ಪಟ್ಟೆ ಮೂಡಿಸುವ ವಂಶವಾಹಿ ಪ್ರಬಲವಾದುದು. ಕೆಂಪನ್ನು ನೀಡುವ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಒಂದೇ ಎಕ್ಸ್ ಇರುವುದರಿಂದ ಅದು ಕೆಂಪಾಗಿರುತ್ತದೆ ಇಲ್ಲವೇ ಆಗಿರುವುದಿಲ್ಲ. ಎರಡು ಎಕ್ಸ್ ಇರುವ ಹೆಣ್ಣಿನಲ್ಲಿ ಒಂದು ಮಾತ್ರ ಕೆಂಪಿನದ್ದಾದರೆ ಕಪ್ಪು ಮತ್ತು ಕೆಂಪು ಬೆರೆತ ‘ಟಾರ್ಟಿ’ ಮೈ ಬರುತ್ತದೆ. ನಮ್ಮ ಬೀದಿಗಳಲ್ಲಿ ಕಾಣುವ ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಆಗಿರುವುದು ಇದೇ ಕಾರಣದಿಂದ. ಅಪರೂಪಕ್ಕೆ ಸಿಗುವ ಅಂತಹ ಗಂಡಿನಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುತ್ತದೆ.

ಇಂತಹ ಗುಣಗಳು ಸೀಲ್ ಪಾಯಿಂಟ್‌ನ ಬೆಕ್ಕಿನಲ್ಲಿ ಅಡಗಿ ಕೂರಲಾರವು. ಆದ್ದರಿಂದ ಕೆಂಪು ಪಾಯಿಂಟ್‌ನ ಸಯಾಮೀಸ್ ಕಂಡಿತೆಂದರೆ ಅದರ ವಂಶಾವಳಿಯಲ್ಲಿ ಎಲ್ಲೋ ಒಂದು ಕಡೆ ಹೊರಗಿನ ಬೆಕ್ಕು ಸೇರಿದೆ ಎಂದೇ ಅರ್ಥ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬ್ರಿಟನ್ ಮತ್ತು ಅಮೆರಿಕದ ಸಾಕಣೆದಾರರು ಈ ಸಂಕರವನ್ನು ಉದ್ದೇಶಪೂರ್ವಕವಾಗಿ ಕೈಗೊಂಡರು.

ಕೆಲಸದ ಕ್ರಮ ಸ್ಥೂಲವಾಗಿ ಹೀಗಿರುತ್ತದೆ. ಕೆಂಪು ಹೆಣ್ಣುಬೆಕ್ಕನ್ನು ಸೀಲ್ ಪಾಯಿಂಟ್‌ನ ಗಂಡಿನೊಡನೆ ಕೂಡಿಸಿದರೆ ಮೊದಲ ತಲೆಮಾರಿನ ಗಂಡುಮರಿಗಳು ಕೆಂಪು, ಹೆಣ್ಣುಮರಿಗಳು ಟಾರ್ಟಿ. ಪಾಯಿಂಟ್ ಗುಣ ದುರ್ಬಲವಾದ್ದರಿಂದ ಯಾವ ಮರಿಯಲ್ಲಿಯೂ ಪಾಯಿಂಟ್ ಕಾಣದು. ಟಾರ್ಟಿ ಮರಿ ಬೆಳೆದ ಮೇಲೆ ಅದನ್ನು ಮತ್ತೆ ಸಯಾಮೀಸ್ ಗಂಡಿನೊಡನೆ ಕೂಡಿಸಬೇಕು. ಆಗ ಹುಟ್ಟುವ ಮರಿಗಳಲ್ಲಿ ಅರ್ಧಕ್ಕೆ ಪಾಯಿಂಟ್ ಇರುತ್ತದೆ, ಅರ್ಧಕ್ಕೆ ಕೆಂಪಿನ ಗುಣ ಇರುತ್ತದೆ. ಎರಡೂ ಇರುವುದು ಸರಾಸರಿ ನಾಲ್ಕರಲ್ಲಿ ಒಂದಕ್ಕೆ. ಅಚ್ಚ ಕೆಂಪು ಪಾಯಿಂಟ್‌ನ ಗಂಡುಮರಿಯೇ ಬೇಕೆಂದರೆ ಎಂಟರಲ್ಲಿ ಒಂದು. ಹೀಗೆ ಆರಿಸಿದ ಮರಿಯನ್ನು ಪುನಃ ಪುನಃ ಸಯಾಮೀಸ್‌ನೊಡನೆ ಕೂಡಿಸುತ್ತ ಹೋದಂತೆ ತಳಿಯ ಪಾಲು ಸರಾಸರಿ ಶೇ. 50ರಿಂದ 75, 87.5, 93.75ಕ್ಕೆ ಏರುತ್ತದೆ. ಈ ನಡುವೆ ದಪ್ಪ ತಲೆ, ಗಿಡ್ಡ ಮೈ, ಮಾಸಲು ನೀಲಿ ಕಣ್ಣಿನ ಮರಿಗಳನ್ನು ಸಂತಾನೋತ್ಪತ್ತಿಯಿಂದ ಹೊರಗಿಟ್ಟು ಸಾಕುವವರಿಗೆ ಕೊಡಬೇಕಾಗುತ್ತದೆ. ಬಣ್ಣ ತರುವುದು ಎರಡೇ ತಲೆಮಾರಿನ ಕೆಲಸ. ಕಳೆದುಹೋದ ಆಕಾರವನ್ನು ಹಿಂದಕ್ಕೆ ಪಡೆಯುವುದಕ್ಕೆ ವರ್ಷಗಳು ಬೇಕು.

ಕೆಂಪಿನಲ್ಲಿ ಇನ್ನೊಂದು ತೊಡಕಿದೆ. ಕಪ್ಪು ಬೆಕ್ಕಿನ ಪಟ್ಟೆಗಳನ್ನು ಮರೆಮಾಡುವ ವಂಶವಾಹಿ ಕೆಂಪು ವರ್ಣದ್ರವ್ಯದ ಮೇಲೆ ಪರಿಣಾಮ ಬೀರುವುದಿಲ್ಲ. ಹೀಗಾಗಿ ಕೆಂಪು ಪಾಯಿಂಟ್‌ನ ಕಾಲು, ಬಾಲಗಳಲ್ಲಿ ಮಸುಕಾದ ಪಟ್ಟೆಗಳು ಎಷ್ಟೇ ಆಯ್ಕೆ ಮಾಡಿದರೂ ಪೂರ್ತಿ ಅಳಿಯುವುದು ಕಷ್ಟ.

ಹೆಸರಿನ ವಿವಾದ

1910ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ಗವರ್ನಿಂಗ್ ಕೌನ್ಸಿಲ್ ಆಫ್ ದಿ ಕ್ಯಾಟ್ ಫ್ಯಾನ್ಸಿ 1966ರಲ್ಲಿ ಕೆಂಪು ಮತ್ತು ಪಟ್ಟೆ ಪಾಯಿಂಟ್‌ಗಳನ್ನು ಸಯಾಮೀಸ್ ಹೆಸರಿನಲ್ಲಿಯೇ ಅಂಗೀಕರಿಸಿತು. 1906ರಲ್ಲಿ ಹುಟ್ಟಿದ ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಬೇರೆ ದಾರಿ ಹಿಡಿಯಿತು. ಅದರ ದೃಷ್ಟಿಯಲ್ಲಿ ಸೀಲ್, ನೀಲಿ, ಚಾಕೊಲೇಟ್, ಲೈಲಾಕ್ ಮಾತ್ರ ಸಯಾಮೀಸ್. ಉಳಿದ ಬಣ್ಣಗಳಿಗಾಗಿ ಅದು 1964ರಲ್ಲಿ ‘ಕಲರ್‌ಪಾಯಿಂಟ್ ಶಾರ್ಟ್‌ಹೇರ್’ ಎಂಬ ಪ್ರತ್ಯೇಕ ತಳಿಯನ್ನು ಒಪ್ಪಿಕೊಂಡಿತು. 1979ರಲ್ಲಿ ಆರಂಭವಾದ ದಿ ಇಂಟರ್‌ನ್ಯಾಷನಲ್ ಕ್ಯಾಟ್ ಅಸೋಸಿಯೇಷನ್ ಕೆಂಪು ಮತ್ತು ಪಟ್ಟೆಗಳನ್ನೂ ಸಯಾಮೀಸ್‌ನಲ್ಲಿಯೇ ಸೇರಿಸುತ್ತದೆ. ಪರಿಣಾಮವಾಗಿ ಒಂದೇ ಬೆಕ್ಕು ಒಂದು ಪ್ರದರ್ಶನದಲ್ಲಿ ಸಯಾಮೀಸ್ ಆಗಿಯೂ ಇನ್ನೊಂದರಲ್ಲಿ ಬೇರೆ ತಳಿಯಾಗಿಯೂ ಸ್ಪರ್ಧಿಸಬಹುದು. ಆಕಾರ, ದನಿ, ಸ್ವಭಾವ ಒಂದೇ ಆಗಿರುವಾಗ ಬಣ್ಣದಿಂದ ಮಾತ್ರ ತಳಿಯನ್ನು ಒಡೆಯುವುದು ಜೀವಶಾಸ್ತ್ರಕ್ಕಿಂತ ದಾಖಲೆಪುಸ್ತಕಕ್ಕೆ ಹೆಚ್ಚು ಹತ್ತಿರವಾದ ತೀರ್ಮಾನ. ಆದರೆ ವಂಶಾವಳಿಯ ಶುದ್ಧತೆಯನ್ನೇ ತಳಿಯ ಲಕ್ಷಣವೆಂದು ಭಾವಿಸುವವರ ದೃಷ್ಟಿಯಲ್ಲಿ ಅದು ಸುಸಂಗತವಾದದ್ದೇ.

ಹೊಸ ಬಣ್ಣವು ನೇರವಾಗಿ ಚಾಂಪಿಯನ್ ಪದವಿಗೆ ಸ್ಪರ್ಧಿಸುವಂತಿಲ್ಲ. ಅದು ಹಂತಹಂತವಾಗಿ ಮಾನ್ಯತೆ ಪಡೆಯಬೇಕು. ಆರಂಭದ ಹಂತದಲ್ಲಿ ಬ್ರಿಟನ್ನಿನ ತೀರ್ಪುಗಾರರು ಅಂತಹ ಬೆಕ್ಕನ್ನು ಬೇರೆ ಬೆಕ್ಕಿನೊಡನೆ ಹೋಲಿಸದೆ, ಕರಡು ಮಾನದಂಡದೊಡನೆ ಹೋಲಿಸಿ ಅರ್ಹತಾಪತ್ರ ನೀಡುತ್ತಾರೆ.

ಬಿಳಿ ಮೈ ಮತ್ತು ಕಿವುಡು

ಬಣ್ಣದ ಹಂಬಲ ಬೆಕ್ಕಿನ ಆರೋಗ್ಯವನ್ನು ತಟ್ಟುವುದು ಬಿಳಿಯಲ್ಲಿ. ಪ್ರಬಲ ಬಿಳಿ ಎಂಬ ವಂಶವಾಹಿಯುಳ್ಳ ಬೆಕ್ಕುಗಳಲ್ಲಿ, ಅದರಲ್ಲೂ ನೀಲಿ ಕಣ್ಣಿನವುಗಳಲ್ಲಿ, ಹುಟ್ಟುಕಿವುಡು ಹೆಚ್ಚು. ಚಾರ್ಲ್ಸ್ ಡಾರ್ವಿನ್ ಕೂಡ ಈ ಸಂಬಂಧವನ್ನು ಗುರುತಿಸಿದ್ದರು. ವರ್ಣಕೋಶಗಳು ಕೂದಲಿಗೆ ಮಾತ್ರವಲ್ಲ, ಒಳಗಿವಿಯ ಕಾರ್ಯಕ್ಕೂ ಅಗತ್ಯ. ಭ್ರೂಣದಲ್ಲಿ ಅವು ಅಲ್ಲಿಗೆ ತಲುಪದಿದ್ದರೆ ಶ್ರವಣಶಕ್ತಿ ಉಳಿಯುವುದಿಲ್ಲ.

1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಪೆಟ್ರೀಷಿಯಾ ಟರ್ನರ್ ಮೊದಲಾದವರು ಸಯಾಮೀಸ್ ಆಕಾರದ ಅಚ್ಚಬಿಳಿ ಬೆಕ್ಕನ್ನು ರೂಪಿಸಲು ತೊಡಗಿದಾಗ ಈ ಅಪಾಯ ಎದುರಿಗೇ ಇತ್ತು. ‘ಫಾರಿನ್ ವೈಟ್’ ಎನಿಸಿದ ಈ ಬೆಕ್ಕಿನಲ್ಲಿ ಬಿಳಿಯ ಅಡಿಯಲ್ಲಿ ಸಯಾಮೀಸ್ ಪಾಯಿಂಟ್ ಮರೆಯಾಗಿರುತ್ತದೆ. ಕಣ್ಣಿನ ನೀಲಿಯನ್ನು ಬಿಳಿಯ ವಂಶವಾಹಿಗೆ ಬಿಡದೆ ಪಾಯಿಂಟ್ ವಂಶವಾಹಿಯಿಂದಲೇ ಪಡೆದದ್ದು ಇದರ ವಿಶೇಷ. ಬಿಳಿಯ ಬೆಕ್ಕನ್ನು ಬಿಳಿಯೊಡನೆ ಕೂಡಿಸದೆ ಸಯಾಮೀಸ್‌ನೊಡನೆ ಕೂಡಿಸುವುದು ರೂಢಿಯಾಯಿತು. ಹಾಗೆಂದು ಅಪಾಯ ಶೂನ್ಯವಾಯಿತೆಂದು ತಿಳಿಯಬಾರದು; ಬಿಳಿಯ ವಂಶವಾಹಿ ಇರುವವರೆಗೆ ಪ್ರತಿ ಮರಿಯ ಶ್ರವಣವನ್ನೂ ಪರೀಕ್ಷಿಸುವುದೇ ಸರಿಯಾದ ಕ್ರಮ.

ಹೊರಸಂಕರ ಮತ್ತು ಒಳಸಂಬಂಧ

ಹೊರಗಿನ ಬೆಕ್ಕಿನ ಪ್ರವೇಶವನ್ನು ಕಳಂಕವೆಂದು ಕಂಡವರು ಮರೆತ ಮುಖವೊಂದಿದೆ. ಕೆಲವೇ ಬೆಕ್ಕುಗಳಿಂದ ಆರಂಭವಾದ ತಳಿಯಲ್ಲಿ ಹತ್ತಿರದ ಸಂಬಂಧಗಳಲ್ಲಿಯೇ ಕೂಡಿಸುತ್ತ ಹೋದರೆ ವೈವಿಧ್ಯ ಕುಗ್ಗುತ್ತದೆ ಮತ್ತು ಅಡಗಿದ ದೋಷಗಳು ಹೊರಬೀಳುತ್ತವೆ. ಮೊದಲ ಸಯಾಮೀಸ್ ಬೆಕ್ಕುಗಳಲ್ಲಿ ಮೆಳ್ಳಗಣ್ಣೂ ಗಂಟುಬಾಲವೂ ಸಾಮಾನ್ಯವಾಗಿದ್ದವು. ಕೆಂಪು ಮತ್ತು ಪಟ್ಟೆಯ ಮೂಲಕ ಬಂದ ಹೊರರಕ್ತ ಒಂದು ಮಟ್ಟಿಗೆ ಹೊಸ ವೈವಿಧ್ಯವನ್ನು ತಂದಿತು. ಆದರೆ ಅಪರೂಪದ ಬಣ್ಣದ ಒಂದೇ ಗಂಡನ್ನು ಎಲ್ಲರೂ ಬಳಸತೊಡಗಿದರೆ ಅದೇ ಬಣ್ಣ ಒಳಸಂಬಂಧವನ್ನು ಬಿಗಿಗೊಳಿಸಲೂಬಹುದು.

ಒಂದು ಬೆಕ್ಕು ಚಾಕೊಲೇಟ್ ಗುಣವನ್ನು ಹೊತ್ತಿದೆಯೇ ಎಂದು ತಿಳಿಯಲು ಹಿಂದೆ ಮರಿಗಳು ಹುಟ್ಟುವವರೆಗೆ ಕಾಯಬೇಕಾಗಿತ್ತು. ಈಗ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಡಿಎನ್‌ಎ ಪರೀಕ್ಷೆಗೆ ಕಳುಹಿಸಿದರೆ ಸಾಕು. ಕೆಂಪಿನ ವಂಶವಾಹಿ ಮಾತ್ರ ಬಹುಕಾಲ ಸಿಕ್ಕಿರಲಿಲ್ಲ. ಅಮೆರಿಕ ಮತ್ತು ಜಪಾನಿನ ಎರಡು ಸಂಶೋಧನಾ ತಂಡಗಳು 2025ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಎಆರ್‌ಎಚ್‌ಜಿಎಪಿ36 ಎಂಬ ವಂಶವಾಹಿಯ ಬಳಿ ಸುಮಾರು 5,000 ಅಕ್ಷರಗಳಷ್ಟು ಡಿಎನ್‌ಎ ಕಳಚಿಹೋಗಿರುವುದೇ ಅದಕ್ಕೆ ಕಾರಣ. ಮೈಮೇಲೆ ನೇರವಾಗಿ ಕಾಣುವ ಈ ಬಣ್ಣಕ್ಕೆ ಸಾಮಾನ್ಯವಾಗಿ ಪರೀಕ್ಷೆಯ ಅಗತ್ಯವಿಲ್ಲ. ಬಿಳಿಯ ಅಡಿಯಲ್ಲಿ ಅದು ಮರೆಯಾಗಿರುವ ಬೆಕ್ಕುಗಳ ವಿಷಯ ಬೇರೆ.