ಏನೂ ಆಗಿಲ್ಲ ಎನ್ನುವ ಮುನ್ನ

ನಮ್ಮ ಕನ್ನಡಿಗರ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುವ ಮಾತೊಂದಿದೆ: "ಪರವಾಗಿಲ್ಲ ಬಿಡಿ, ಏನೂ ಆಗಿಲ್ಲ." ಕಾಫಿ ಚೆಲ್ಲಿದರೂ ಅದೇ, ಯಾರಾದರೂ ಕಾಲು ತುಳಿದರೂ ಅದೇ. ಈ ಒಳ್ಳೆಯ ಮಾತು ಅಮೆರಿಕದ ರಸ್ತೆಯಲ್ಲಿ ಎಷ್ಟು ದುಬಾರಿಯಾಗಬಲ್ಲದೆಂದು ನಾನು ಕಲಿತದ್ದು ಯೂಲೆಸ್‌ನಲ್ಲಿ, ಅದೂ ಹೆತ್ತ ತಾಯಿಯ ವಿಷಯದಲ್ಲಿ.

ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಬಂದಿಳಿದ ಅಮ್ಮನನ್ನು ಡಾಲಸ್ ವಿಮಾನ ನಿಲ್ದಾಣದಿಂದ ಮನೆಗೆ ಕರೆತರುತ್ತಿದ್ದೆ. ಯೂಲೆಸ್ ಬಳಿ 183ನೇ ಹೆದ್ದಾರಿಯಲ್ಲಿ ಮುಂದಿನ ಕಾರುಗಳು ನಿಂತವು, ನಾನೂ ನಿಲ್ಲಿಸಿದೆ. ಹಿಂದಿನವನು ನಿಲ್ಲಿಸಲಿಲ್ಲ. ಬಂಪರ್ ನುಗ್ಗಾಯಿತು, ಅಮ್ಮನ ತಲೆ ಕಿಟಕಿಯ ಗಾಜಿಗೆ ತಾಗಿತು. ಗುದ್ದಿದ ಕಾಲೇಜು ಹುಡುಗ ನಡುಗುತ್ತ ನಿಂತಿದ್ದ. "ಪಾಪ ಮಗು, ಬೈಬೇಡ ಕಣೋ. ನನಗೇನೂ ಆಗಿಲ್ಲ, ನಡಿ ಮನೆಗೆ" ಎಂದರು ಅಮ್ಮ. ಪೊಲೀಸರನ್ನು ಕರೆಯದೆ, ಅವನ ವಿಮೆಯ ವಿವರವನ್ನಷ್ಟೇ ಬರೆದುಕೊಂಡು ಹೊರಟೆ.

ಮರುದಿನ ಅವನ ವಿಮಾ ಕಂಪನಿಯಿಂದ ಬಲು ವಿನಯದ ಫೋನ್ ಬಂತು. "ಈ ಮಾತುಕತೆ ರೆಕಾರ್ಡ್ ಆಗುತ್ತಿದೆ. ಎಲ್ಲರೂ ಕ್ಷೇಮವೇ?" "ನಾನೇ ಡಾಕ್ಟರು, ಎಲ್ಲರೂ ಚೆನ್ನಾಗಿದ್ದೇವೆ" ಎಂದೆ, ಸ್ವಲ್ಪ ಜಂಬದಿಂದಲೇ.

ಮೂರು ವಾರದ ಮೇಲೆ ಅಮ್ಮನಿಗೆ ತಲೆನೋವು, ನಡೆಯುವಾಗ ತೂರಾಟ. ಒಂದು ಬೆಳಿಗ್ಗೆ ಮೊಮ್ಮಗಳ ಹೆಸರೇ ನೆನಪಾಗಲಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿದರೆ ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸೇರಿತ್ತು. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರಲ್ಲಿ, ಸಣ್ಣ ಪೆಟ್ಟಿನಿಂದಲೂ ರಕ್ತ ವಾರಗಟ್ಟಲೆ ಮೆಲ್ಲಗೆ ಜಿನುಗಬಹುದು. ಅಮ್ಮ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎಂ.ಡಿ. ಓದಿದ ನನಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಅಂದು ಅಮ್ಮನ ಮಾತನ್ನೇ ನಂಬಿದೆ.

ಶಸ್ತ್ರಚಿಕಿತ್ಸೆಯಿಂದ ಅಮ್ಮ ಉಳಿದರು. ಬಿಲ್ಲು ಮಾತ್ರ ಸಂದರ್ಶಕರ ವಿಮೆಯ ಮಿತಿಯನ್ನು ದಾಟಿತು. ಪರಿಹಾರ ಕೇಳಿದಾಗ ಆ ಕಂಪನಿ ತೋರಿಸಿದ್ದು ನನ್ನದೇ ರೆಕಾರ್ಡಾದ ಮಾತನ್ನು. ಪೊಲೀಸ್ ವರದಿಯಿಲ್ಲ, ಅಂದಿನ ವೈದ್ಯಕೀಯ ದಾಖಲೆಯೂ ಇಲ್ಲ. ವಕೀಲರ ನೆರವಿನಿಂದ ಒಂದಿಷ್ಟು ಹಣ ಬಂತು. ಉಳಿದದ್ದನ್ನು ನಾನೇ ಕಟ್ಟಿದೆ.

ನಾನು ವಕೀಲನಲ್ಲ. ನಿಮ್ಮ ಪ್ರಕರಣಕ್ಕೆ ವಕೀಲರನ್ನೇ ಕೇಳಿ. ಪೆಟ್ಟು ತಿಂದು ಕಲಿತ ನಾಲ್ಕು ಮಾತುಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಸ್ಥಳದಲ್ಲಿ. ನಿಲ್ಲುವುದು, ಹೆಸರು, ವಿಳಾಸ, ವಿಮೆಯ ವಿವರ ಕೊಡುವುದು, ಗಾಯಗೊಂಡವರಿಗೆ ನೆರವಾಗುವುದು ಟೆಕ್ಸಾಸಿನ ಕಾನೂನು. ಗಾಯವಾಗಿದ್ದರೆ ಅಥವಾ ಕಾರು ಓಡಿಸಲಾಗದಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಫೋಟೊ ತೆಗೆಯಿರಿ, ಸಾಕ್ಷಿಗಳ ಫೋನ್ ನಂಬರ್ ಪಡೆಯಿರಿ. ಸೌಜನ್ಯಕ್ಕೆಂದು "ತಪ್ಪು ನನ್ನದೇ" ಎನ್ನಬೇಡಿ. ಇಲ್ಲಿ ನಿಮ್ಮ ತಪ್ಪು ಶೇಕಡಾ 50ನ್ನು ಮೀರಿದರೆ ಪರಿಹಾರವೇ ಇಲ್ಲ. ಶೇಕಡಾ 20 ಎಂದು ತೀರ್ಮಾನವಾದರೆ 10,000 ಡಾಲರ್ 8,000ಕ್ಕೆ ಇಳಿಯುತ್ತದೆ.

ಎರಡನೆಯದು, ಆಸ್ಪತ್ರೆ. ಕುತ್ತಿಗೆ ನೋವು ಎಷ್ಟೋ ಸಲ ಮರುದಿನ ತಲೆಯೆತ್ತುತ್ತದೆ. ಅದೇ ದಿನ ವೈದ್ಯರಿಗೆ ತೋರಿಸಿ, ಎಲ್ಲಿ ಹೇಗೆ ಪೆಟ್ಟು ಬಿತ್ತೆಂದು ಪೂರ್ತಿಯಾಗಿ ಹೇಳಿ. ಚೀಟಿಯಲ್ಲಿ ಬರೆಯದ ನೋವನ್ನು ಮುಂದೆ ಸಾಬೀತು ಮಾಡುವುದು ಬಲು ಕಷ್ಟ. ಅಪಘಾತವಾದ 72 ಗಂಟೆಯೊಳಗೆ ದಾಖಲಾದರೆ ಆ ಆಸ್ಪತ್ರೆಗೆ ನಿಮ್ಮ ಪರಿಹಾರದ ಹಣದ ಮೇಲೆ ಹಕ್ಕು ಇರಬಹುದು. ಇತ್ಯರ್ಥಕ್ಕೆ ಮುನ್ನ ಅದನ್ನೂ ವಿಚಾರಿಸಿ.

ಮೂರನೆಯದು, ಕಾಗದ ಪತ್ರ. ಎದುರು ಪಕ್ಷದ ವಿಮಾ ಕಂಪನಿಗೆ ರೆಕಾರ್ಡ್ ಮಾಡಿದ ಹೇಳಿಕೆ ಕೊಡುವ ಬಾಧ್ಯತೆ ನಿಮಗಿಲ್ಲ; ನಿಮ್ಮ ಸ್ವಂತ ಕಂಪನಿಗೆ ಮಾತ್ರ ಬೇಗ ತಿಳಿಸಿ, ಸಹಕರಿಸಿ. ಚಿಕಿತ್ಸೆ ಮುಗಿಯುವ ಮೊದಲೇ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಆಮೇಲೆ ಕಾಣಿಸುವ ನೋವಿಗೆ ಕಾಸೂ ಸಿಗಲಾರದು. ಹಾಗೆಂದು ಕಾಯುತ್ತಲೂ ಕೂರಬೇಡಿ. ಗಾಯದ ದಾವೆ ಹೂಡಲು ಸಾಮಾನ್ಯವಾಗಿ ಎರಡು ವರ್ಷ ಗಡುವು. ಗುದ್ದಿದ್ದು ಸರ್ಕಾರಿ ವಾಹನವಾದರೆ ಆರು ತಿಂಗಳೊಳಗೆ ನೋಟಿಸ್ ಕೊಡಬೇಕು, ಕೆಲವು ನಗರಗಳಲ್ಲಿ ಅದಕ್ಕೂ ಮೊದಲೇ. ಕರೆಯದೆ ಫೋನ್ ಮಾಡಿ ಕೇಸು ಹುಡುಕುವ ವಕೀಲರನ್ನು ದೂರವಿಡಿ; ಟೆಕ್ಸಾಸಿನಲ್ಲಿ ಅದು ಅಪರಾಧ. ಗೆದ್ದರೆ ಮಾತ್ರ ಫೀಸು ಎಂಬ ಒಪ್ಪಂದ ಬರವಣಿಗೆಯಲ್ಲಿರಬೇಕು.

ನಾಲ್ಕನೆಯದನ್ನು ಇವತ್ತೇ ಮಾಡಬಹುದು. ನಿಮ್ಮ ಪಾಲಿಸಿ ತೆಗೆದು ಓದಿ. ಟೆಕ್ಸಾಸಿನ ಕನಿಷ್ಠ ವಿಮೆ ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಇಡೀ ಅಪಘಾತಕ್ಕೆ 60,000. ಆ ಹುಡುಗನ ಬಳಿ ಇದ್ದದ್ದೂ ಅಷ್ಟೇ. ಮೆದುಳಿನ ಶಸ್ತ್ರಚಿಕಿತ್ಸೆಗೆ ಅದು ಯಾವ ಮೂಲೆಗೆ? ತಪ್ಪು ಯಾರದೇ ಇರಲಿ, ಕಾರಿನಲ್ಲಿದ್ದವರ ಚಿಕಿತ್ಸೆಗೆ ಕೊಡುವ 'ಪಿ.ಐ.ಪಿ.', ಎದುರಿನವನ ವಿಮೆ ಸಾಲದಾಗ ಒದಗುವ 'ಅಂಡರ್‌ಇನ್ಶೂರ್ಡ್ ಮೋಟರಿಸ್ಟ್', ಈ ಎರಡನ್ನೂ ಕಂಪನಿ ನಿಮ್ಮ ಮುಂದಿಡಲೇಬೇಕು. ನೀವು ಬರೆದುಕೊಟ್ಟು ನಿರಾಕರಿಸಿದರೆ ಮಾತ್ರ ತೆಗೆಯಬಹುದು. ತಿಂಗಳಿಗೆ ಕೆಲವು ಡಾಲರ್ ಉಳಿಸಲು ನಾನು ಎರಡಕ್ಕೂ ಬೇಡವೆಂದು ಸಹಿ ಹಾಕಿದ್ದೆ!

ಈ ಹಬ್ಬಕ್ಕೂ ನಮ್ಮಲ್ಲಿ ಹಲವರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಹ್ಯೂಸ್ಟನ್, ಆಸ್ಟಿನ್ ನೋಡಿಕೊಂಡು ಬರೋಣವೆಂದು ಅವರನ್ನು ಕಾರಿನಲ್ಲಿ ಕರೆದೊಯ್ಯುತ್ತೀರಿ. ಹೊರಡುವ ಮೊದಲು ಬೆಲ್ಟ್ ಹಾಕಿಸಿ, ಪಾಲಿಸಿ ನೋಡಿಕೊಳ್ಳಿ. ದೇವರು ನಡೆಸಿದಂತೆ ಎಲ್ಲವೂ ಸುಖವಾಗಿರಲಿ. ಒಂದು ವೇಳೆ ಪೆಟ್ಟಾದರೆ, ಅಮ್ಮ "ಏನೂ ಆಗಿಲ್ಲ" ಎಂದಾಗ ಅವರ ಮಾತು ಕೇಳಬೇಡಿ. ಉಳಿದ ಎಲ್ಲ ವಿಷಯದಲ್ಲೂ ಕೇಳಿ. ಹಬ್ಬದ ಶುಭಾಶಯಗಳು.